ಸಲಾಡ್ ಡಬ್ಬಿಯ ತಳದಲ್ಲಿ ನೀರೇಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸಲಾಡ್, ಸಿರಿಧಾನ್ಯ ಬೌಲ್, ಸ್ಮೂದಿ ಮಾರುವ ಹೋಟೆಲುಗಳ ಬಗ್ಗೆ. ಒಳ್ಳೆಯದೆಂದು ದುಬಾರಿ ಬೆಲೆ ಕೊಟ್ಟು ತಿಂದರೂ ಸಮಾಧಾನವಿಲ್ಲ ಎಂಬುದು ಎಲ್ಲರ ದೂರು. ಮೆನುವಿನಲ್ಲಿ ಪದಾರ್ಥದ ಹೆಸರಿರುತ್ತದೆ. ಅದರ ತೂಕವಾಗಲಿ, ಬೇಯಿಸಿಟ್ಟು ಎಷ್ಟು ಹೊತ್ತಾಯಿತು ಎಂಬುದಾಗಲಿ ಇರುವುದಿಲ್ಲ. ತೊಂದರೆ ಹೆಚ್ಚಾಗಿ ಹುಟ್ಟುವುದು ಅಲ್ಲೇ.

ಆಫೀಸಿಗೆ 380 ರೂಪಾಯಿಯ ಸಲಾಡ್ ತರಿಸಿದೆ. ಎಲೆಗಳು ಬಾಡಿ ಕಪ್ಪಾಗಿದ್ದವು, ತಳದಲ್ಲಿ ನೀರು ನಿಂತಿತ್ತು. ಹಳೆಯ ತರಕಾರಿ ಹಾಕಿರಬಹುದೇ?
– ಎಚ್‌ಎಸ್‌ಆರ್ ಬಡಾವಣೆ, ಬೆಂಗಳೂರು

ಹಳೆಯದೇ ಆಗಿರಬೇಕೆಂದಿಲ್ಲ. ಅದೇ ದಿನ ಬೆಳಿಗ್ಗೆ ಬಂದ ಸೊಪ್ಪನ್ನು ತಪ್ಪಾಗಿ ಕಟ್ಟಿದರೂ ದಾರಿಯಲ್ಲೇ ಹಾಗಾಗುತ್ತದೆ. ಸೌತೆಕಾಯಿ, ಲೆಟ್ಯೂಸ್ ಎರಡರಲ್ಲೂ ಸುಮಾರು ಶೇ 95 ನೀರು. ಉಪ್ಪು ತಾಗಿದ ಹತ್ತು ಹದಿನೈದು ನಿಮಿಷಕ್ಕೆ ಆ ನೀರು ಹೊರಗೆ ಬಿಡಲು ಶುರುವಾಗುತ್ತದೆ. ಬಡಿಸುವ ಹೊತ್ತಿಗೆ ಕೋಸಂಬರಿಗೆ ಉಪ್ಪು, ನಿಂಬೆರಸ ಬೆರೆಸುವ ನಮ್ಮ ರೂಢಿ ಇದೇ ಕಾರಣಕ್ಕೆ. ಕೋಸಂಬರಿಯಲ್ಲಿ ನೆನೆದ ಹೆಸರುಬೇಳೆ, ತೆಂಗಿನತುರಿ ಆ ರಸವನ್ನು ಒಂದಿಷ್ಟು ಹಿಡಿದುಕೊಳ್ಳುತ್ತವೆ. ಸಲಾಡ್ ಡಬ್ಬಿಯಲ್ಲಿ ಹಿಡಿಯುವವರು ಯಾರೂ ಇಲ್ಲ, ಎಲ್ಲ ತಳಕ್ಕಿಳಿಯುತ್ತದೆ.

ಎಲೆ ಕಪ್ಪಾಗಿದ್ದಕ್ಕೆ ಕಾರಣ ಬೇರೆ. ಹುಳಿಯಿಂದ ಸೊಪ್ಪು ಬಾಡುತ್ತದೆ ಎಂದು ಹಲವರು ತಿಳಿದಿದ್ದಾರೆ, ಆದರೆ ಬೇಗ ಬಾಡಿಸುವುದು ಎಣ್ಣೆ. ಎಲೆಯ ಮೇಲೆ ಮೇಣದಂಥ ತೆಳುಪದರ ಇರುತ್ತದೆ. ನೀರು, ವಿನೆಗರ್ ಅದರ ಮೇಲೆ ಜಾರುತ್ತವೆ, ಎಣ್ಣೆ ಒಳಗಿಳಿಯುತ್ತದೆ. ಸಲಾಡಿಗೆ ಕಲಸುವ ಎಣ್ಣೆ, ಹುಳಿಯ ಮಿಶ್ರಣವೇ ಡ್ರೆಸ್ಸಿಂಗ್. ಸಾಸಿವೆ ಪೇಸ್ಟ್ ಹಾಕಿ ಚೆನ್ನಾಗಿ ಕಡೆದು ಬೆರೆತ ಡ್ರೆಸ್ಸಿಂಗ್‌ನಲ್ಲಿ ಎಣ್ಣೆ ಸಣ್ಣ ಹನಿಗಳಾಗಿ ಹುಳಿಯೊಳಗೆ ಹಿಡಿದಿರುತ್ತದೆ. ಎಲೆ ಸ್ವಲ್ಪ ಹೆಚ್ಚು ಹೊತ್ತು ತಾಳುತ್ತದೆ. ಬಾಟಲಿಯಲ್ಲಿ ಎರಡು ಪದರವಾಗಿ ನಿಂತದ್ದನ್ನು ಹಾಗೇ ಸುರಿದರೆ ಹೋಯಿತು. ಮೂರನೆಯ ತಪ್ಪು, ಬಿಸಿಯಾದ ಕೀನ್ವಾ ಧಾನ್ಯ ಅಥವಾ ಹುರಿದ ಪನೀರನ್ನು ಸೊಪ್ಪಿನ ಜೊತೆಗೇ ಹಾಕಿ ಮುಚ್ಚಳ ಒತ್ತುವುದು. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಎಲೆಯ ಮೇಲೇ ಬೀಳುತ್ತದೆ.

ಆರ್ಡರ್ ಮಾಡುವಾಗ ಹೀಗೆ ಬರೆಯಿರಿ: ‘ಡ್ರೆಸ್ಸಿಂಗ್ ಬೇರೆ ಡಬ್ಬಿಯಲ್ಲಿ, ಬಿಸಿ ಪದಾರ್ಥ ಬೇರೆ, ಬೀಜಗಳು ಬೇರೆ.’ ಇಷ್ಟನ್ನೂ ಮಾಡಲಾಗದ ಅಡುಗೆಮನೆಯಿಂದ ಸಲಾಡ್ ತರಿಸಲೇಬೇಡಿ, ಅಲ್ಲೇ ಕೂತು ತಿನ್ನಿ. ದೂರದಿಂದ ತರಿಸುವುದಾದರೆ ಎಲೆಕೋಸು ಅಥವಾ ರೋಮೇನ್ ಲೆಟ್ಯೂಸ್ ಇರುವುದನ್ನು ಆರಿಸಿ. ಎಳೆ ಪಾಲಕ್, ರಾಕೆಟ್ ಸೊಪ್ಪು ಎಲ್ಲಕ್ಕಿಂತ ಮೊದಲು ಸೋಲುತ್ತವೆ. ಡ್ರೆಸ್ಸಿಂಗ್ ಬೇರೆ ಬಂದರೆ ಅಳೆಯಲೂ ಅನುಕೂಲ. ಮೂರು ಪಾಲು ಎಣ್ಣೆ, ಒಂದು ಪಾಲು ಹುಳಿ ಎಂಬುದು ಸಾಮಾನ್ಯ ಹದ. ಅಂದರೆ 30 ಮಿಲಿಯಲ್ಲಿ ಸುಮಾರು 20 ಗ್ರಾಂ ಎಣ್ಣೆ, 185 ಕ್ಯಾಲೊರಿಯಷ್ಟು. ಹೋಟೆಲಿನವರು ಸುರಿಯುವ ಸೌಟು 60 ಮಿಲಿಯದಾದರೆ ಅದರ ಎರಡರಷ್ಟು, ಅದೂ ಸೊಪ್ಪಿನ ಲೆಕ್ಕ ಬಿಟ್ಟು. ಎರಡು ಟೀ ಚಮಚ ಹಾಕಿ ಕಲಸಿ, ರುಚಿ ನೋಡಿ, ಬೇಕಾದರೆ ಮತ್ತೆ ಹಾಕಿಕೊಳ್ಳಿ.

ಸಕ್ಕರೆ ಕಾಯಿಲೆಯಿದೆ. ನವಣೆ ಬೌಲ್ ತಿಂದೆ, ಮರಳು ಅಗಿದ ಹಾಗಿತ್ತು. ಇನ್ನೊಂದು ಕಡೆ ಸಿರಿಧಾನ್ಯ ದೋಸೆ ಮೃದುವಾಗಿತ್ತು, ಆದರೆ ಆಮೇಲೆ ಸಕ್ಕರೆ ಏರಿತ್ತು. ಯಾವುದನ್ನು ನಂಬಲಿ?
– ಕುವೆಂಪುನಗರ, ಮೈಸೂರು

ಮರಳಿನಂತಾಗುವುದು ಬೆಂದ ಪಿಷ್ಟ ತಣ್ಣಗಾಗುತ್ತ ಮತ್ತೆ ಬಿಗಿಯುವುದರಿಂದ. ಫ್ರಿಜ್‌ನ 4 ಡಿಗ್ರಿಯಲ್ಲಿ ಅದು ಇನ್ನೂ ಬೇಗ ಬಿಗಿಯುತ್ತದೆ. ಬೆಳಿಗ್ಗೆ ಬೇಯಿಸಿ ಫ್ರಿಜ್‌ನಲ್ಲಿಟ್ಟು, ಮಧ್ಯಾಹ್ನ ತಣ್ಣಗೇ ಬಡಿಸಿದರೆ ಕಾಳು ಕಾಳಾಗಿಯೇ ಉಳಿಯುತ್ತದೆ. ನೀರು ಚಿಮುಕಿಸಿ ಹಬೆಯಾಡುವಷ್ಟು ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ‘ಬಿಸಿ ಮಾಡಿ ಕೊಡಿ’ ಎಂದು ಧಾರಾಳವಾಗಿ ಕೇಳಿ. ನೆನೆಸದೆ ಬೇಯಿಸಿದ್ದರೂ ಹೀಗಾಗುತ್ತದೆ. ಮನೆಯಲ್ಲಾದರೆ ಒಂದು ಲೋಟ ನವಣೆಯನ್ನು ಅರ್ಧ ಗಂಟೆಯಾದರೂ ನೆನೆಸಿ, ಎರಡೂವರೆ ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ, ಒಲೆ ಆರಿಸಿ ಮುಚ್ಚಿಟ್ಟು ಹತ್ತು ನಿಮಿಷ ಬಿಡಿ. ಆ ಕಡೆಯ ಹತ್ತು ನಿಮಿಷವನ್ನು ಅವಸರದ ಹೋಟೆಲಿನವರು ನುಂಗಿಬಿಡುತ್ತಾರೆ.

ದೋಸೆಯ ವಿಷಯಕ್ಕೆ ಬಂದರೆ, ಹಿಟ್ಟಿನಲ್ಲಿ ಅಕ್ಕಿ ಎಷ್ಟು ಪಾಲು ಎಂದು ಕೇಳಿ. ದೋಸೆ ಏಳಲೆಂದು ಅಕ್ಕಿ ಬೆರೆಸುವುದು ತಪ್ಪಲ್ಲ, ಅದನ್ನು ಹೇಳದಿರುವುದು ತಪ್ಪು. ಪೂರ್ತಿ ಸಿರಿಧಾನ್ಯವೇ ಆಗಿದ್ದರೂ ನಯವಾಗಿ ರುಬ್ಬಿದ ಹಿಟ್ಟು ಇಡೀ ಕಾಳಿಗಿಂತ ಬೇಗ ಜೀರ್ಣವಾಗುತ್ತದೆ, ತವಡು ತೆಗೆದು ಪಾಲಿಶ್ ಮಾಡಿದ ಧಾನ್ಯ ಇನ್ನೂ ಬೇಗ. ಬೇಯಿಸದ ನವಣೆಯಲ್ಲಿಯೂ 100 ಗ್ರಾಂಗೆ ಸುಮಾರು 60 ಗ್ರಾಂ ಪಿಷ್ಟವಿದೆ. ನಿಮಗೆ ಬೌಲ್ ಉತ್ತಮ, ಧಾನ್ಯ ಅರ್ಧ ಹಾಕಿಸಿ, ಕಾಳು ಪಲ್ಯ ಹೆಚ್ಚು ಹಾಕಿಸಿ. ಮೊದಲ ತುತ್ತಿನಿಂದ ಎರಡು ಗಂಟೆಗೆ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಮಾತ್ರೆಯ ಪ್ರಮಾಣವನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ.

‘30 ಗ್ರಾಂ ಪ್ರೋಟೀನ್’ ಎಂದಿದ್ದ ಬೌಲ್‌ನಲ್ಲಿ ಪನೀರ್ ನಾಲ್ಕೇ ತುಂಡು. ಲೆಕ್ಕ ಹೇಗೆ?
– ವಿದ್ಯಾನಗರ, ಹುಬ್ಬಳ್ಳಿ

ಎರಡು ಸೆಂಟಿಮೀಟರಿನ ನಾಲ್ಕು ತುಂಡು ಎಂದರೆ ಸುಮಾರು 35 ಗ್ರಾಂ ಪನೀರ್, ಅದರಲ್ಲಿ ಪ್ರೋಟೀನ್ 6ರಿಂದ 7 ಗ್ರಾಂ. ಬೆಂದ ಕೀನ್ವಾ 150 ಗ್ರಾಂ ಇದ್ದರೆ ಆರೂವರೆ, ಬೆಂದ ಕಾಬೂಲಿ ಕಡಲೆ 50 ಗ್ರಾಂ ಇದ್ದರೆ ನಾಲ್ಕೂವರೆ. ಎಲ್ಲ ಸೇರಿ ಹದಿನೇಳು ಹದಿನೆಂಟು. 30 ಮುಟ್ಟಬೇಕಾದರೆ ಇದರ ಮೇಲೆ ಇನ್ನೂ 65ರಿಂದ 70 ಗ್ರಾಂ ಪನೀರ್ ಬೇಕು. ‘ಪನೀರ್ ಎಷ್ಟು ಗ್ರಾಂ ಹಾಕುತ್ತೀರಿ?’ ಎಂದು ನೇರವಾಗಿ ಕೇಳಿ. ತೂಕದ ಯಂತ್ರವಿಟ್ಟು ಕಟ್ಟುವ ಅಡುಗೆಮನೆಯವರು ತಡವರಿಸದೆ ಹೇಳುತ್ತಾರೆ. ಚಿಕನ್ ಆದರೆ ಹಸಿಯ ತೂಕವೋ ಬೆಂದದ್ದೋ ಎಂದೂ ಕೇಳಬೇಕು, ಹಸಿ 100 ಗ್ರಾಂ ಬೆಂದಾಗ ಮುಕ್ಕಾಲು ಪಾಲಿಗಿಳಿಯುತ್ತದೆ.

ಮೆನುವಿನಲ್ಲಿ ಕ್ಯಾಲೊರಿ ಬರೆಯಲೇಬೇಕೆಂಬ ಕಾನೂನು ಇದೆಯೇ?
– ಬೆಂಗಳೂರು

ಇದೆ, ಎಲ್ಲರಿಗೂ ಅಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮದಂತೆ, ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಹಾಗೂ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಪ್ರತಿ ತಿನಿಸಿನ ಎದುರು ಕ್ಯಾಲೊರಿಯನ್ನೂ ಬಡಿಸುವ ಪ್ರಮಾಣವನ್ನೂ ಬರೆಯಬೇಕು. ಅಲರ್ಜಿ ತರುವ ಪದಾರ್ಥಗಳ ಮಾಹಿತಿಯನ್ನೂ ಕೊಡಬೇಕು. ಗಿರಾಕಿ ಹೇಳಿ ಬದಲಿಸಿಕೊಂಡ ತಿನಿಸಿಗೆ ವಿನಾಯಿತಿ ಇದೆ. ‘ನಿಮ್ಮ ಬೌಲ್ ನೀವೇ ಆರಿಸಿ’ ಎಂಬಲ್ಲಿ ಅಂಕಿ ಕಾಣದಿರುವುದು ಅದಕ್ಕೇ. ಬಿಲ್ಲಿನ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆ ಇರುತ್ತದೆ. ಅದರ ಮತ್ತು ತಿನಿಸಿನ ಫೋಟೊ ಇಟ್ಟುಕೊಂಡು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ದೂರು ಕೊಡಬಹುದು. ಹಣದ ತಕರಾರಿಗೆ ಗ್ರಾಹಕ ಸಹಾಯವಾಣಿ 1915.

ಮಗಳು ಬಸುರಿ. ಮೊಳಕೆ ಕಾಳಿನ ಸಲಾಡ್, ಸಕ್ಕರೆ ಹಾಕದ ಸ್ಮೂದಿ ಬೌಲ್ ದಿನವೂ ತರಿಸುತ್ತಾಳೆ. ಸರಿಯೇ?
– ಶಿವಮೊಗ್ಗ

ಹಸಿ ಮೊಳಕೆಯನ್ನು ಇಂದೇ ನಿಲ್ಲಿಸಿಬಿಡಿ, ತಾಯಿ. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ಸಾಲ್ಮೊನೆಲ್ಲಾ, ಇ. ಕೋಲಿಗಳು ಬೆಳೆಯಲೂ ಸಾಕು. ರೋಗಾಣು ಕಾಳಿನ ಬಿರುಕಿನೊಳಗೆ ಸೇರಿದ್ದರೆ ಎಷ್ಟು ತೊಳೆದರೂ ಹೋಗದು. ಅದೇ ಮೊಳಕೆಯನ್ನು ಚೆನ್ನಾಗಿ ಬೇಯಿಸಿ ಉಸಲಿ ಮಾಡಿ ಕೊಡಿ, ಪುಷ್ಟಿಯೂ ಉಂಟು, ಭಯವೂ ಇಲ್ಲ. ಹೋಟೆಲಿನ ಮೇಯನೇಸ್‌ನಲ್ಲಿ ಹಸಿ ಮೊಟ್ಟೆ ಇದೆಯೇ ಎಂದು ಕೇಳಿ ತಿಳಿಯಲಿ.

ಸ್ಮೂದಿಗೆ ಸಕ್ಕರೆ ಹಾಕದಿದ್ದರೂ ಒಂದು ದೊಡ್ಡ ಚಮಚ ಜೇನುತುಪ್ಪದಲ್ಲೇ 17 ಗ್ರಾಂ ಸಕ್ಕರೆ ಇರುತ್ತದೆ. ಮೇಲೆ ಉದುರಿಸುವ ಗ್ರಾನೋಲಾ ಎಂಬ ಹುರಿದ ಓಟ್ಸ್ ಮಿಶ್ರಣಕ್ಕೂ ಬೆಲ್ಲವೋ ಜೇನೋ ಸೇರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಜೇನುತುಪ್ಪವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಜೇನು ಬೇಡ, ಗ್ರಾನೋಲಾ ಬದಲು ಹುರಿದ ಶೇಂಗಾ ಹಾಕಿ ಎಂದು ಹೇಳಿಸಿ. ಹಣ್ಣನ್ನು ರುಬ್ಬದೆ ಹೋಳಾಗಿಯೇ ಮೊಸರಿಗೆ ಹಾಕಿಕೊಂಡರೆ ಇನ್ನೂ ಮೇಲು.

ಅರ್ಧ ಬೌಲ್ ಉಳಿದರೆ ರಾತ್ರಿಗೆ ಇಡಬಹುದೇ?
– ಮಂಗಳೂರು

ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇದ್ದದ್ದನ್ನು ಇಡಬೇಡಿ, ನಿಮ್ಮೂರಿನ ಸೆಕೆಗೆ ಒಂದು ಗಂಟೆಯೇ ಸಾಕು. ತಿನ್ನುವ ಮೊದಲೇ ಅರ್ಧ ತೆಗೆದು ಫ್ರಿಜ್‌ನಲ್ಲಿಟ್ಟಿದ್ದರೆ ಧಾನ್ಯ, ಪನೀರನ್ನು ರಾತ್ರಿ ಹಬೆಯಾಡುವಷ್ಟು ಬಿಸಿ ಮಾಡಿ ತಿನ್ನಿ. ಡ್ರೆಸ್ಸಿಂಗ್ ಕಲಸಿದ ಸೊಪ್ಪನ್ನು ಮಾತ್ರ ಆಗಲೇ ಮುಗಿಸಿ.