ಅಮೆರಿಕದ ಮನರಂಜನಾ ಕುಸ್ತಿ ಡಬ್ಲ್ಯೂಡಬ್ಲ್ಯೂಇಯಲ್ಲಿ ಅತಿ ಶ್ರೇಷ್ಠ ಮ್ಯಾನೇಜರ್ ಯಾರು?

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಬಾಬಿ ಹೀನನ್‌ಗೆ. ಅದರಲ್ಲಿ ಎರಡು ಮಾತೇ ಇಲ್ಲ.

ಮ್ಯಾನೇಜರ್ ಅಂದರೆ ಸುಮ್ನೆ ರಿಂಗ್ ಪಕ್ಕ ನಿಂತು ಕೂಗುವವನಲ್ಲ. ತನ್ನ ಕುಸ್ತಿಪಟುವಿನ ಪರವಾಗಿ ಮಾತಾಡಬೇಕು, ಜನರ ಸಿಟ್ಟನ್ನು ತನ್ನ ಮೇಲೆ ಎಳೆದುಕೊಳ್ಳಬೇಕು. 1987ರಲ್ಲಿ ಜನರ ಮೆಚ್ಚಿನ ಕುಸ್ತಿಪಟು ಹಲ್ಕ್ ಹೋಗನ್‌ನ ಹಳೇ ಗೆಳೆಯ ಆಂಡ್ರೆ ದ ಜೈಂಟ್ ಅವನ ವಿರುದ್ಧವೇ ತಿರುಗಿಬಿದ್ದ. ಆಗ ಆಂಡ್ರೆ ಪಕ್ಕದಲ್ಲಿ ನಿಂತು ಮಾತಾಡಿದ್ದು ಹೀನನ್. ಹೋಗನ್‌ನ ಅಂಗಿ ಹರಿದು, ಕೊರಳಲ್ಲಿದ್ದ ಶಿಲುಬೆಯನ್ನು ಆಂಡ್ರೆ ಕಿತ್ತ ಆ ದೃಶ್ಯ ನೋಡಿ. ಆಂಡ್ರೆಯದು ನಾಲ್ಕೇ ಮಾತು, ಉರಿಗೆ ತುಪ್ಪ ಸುರಿದದ್ದೆಲ್ಲ ಹೀನನ್. ಡಬ್ಲ್ಯೂಡಬ್ಲ್ಯೂಇಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾದ ಮೂರನೇ ಆವೃತ್ತಿಯಲ್ಲಿ ಹೋಗನ್-ಆಂಡ್ರೆ ಪಂದ್ಯ ಅಷ್ಟು ದೊಡ್ಡದಾಗಿದ್ದರಲ್ಲಿ ಅವನ ಪಾಲು ಜಾಸ್ತಿ. ಏಟು ತಿಂದು ಬೀಳುವುದರಲ್ಲೂ ಅವನು ಪಳಗಿದವನು, ಅವನೂ ಕುಸ್ತಿ ಆಡಿದವನೇ ಅಲ್ವಾ!

ಎರಡನೆಯವನು ಪಾಲ್ ಹೇಮನ್. 2014ರಲ್ಲಿ ಇವನ ಕುಸ್ತಿಪಟು ಬ್ರಾಕ್ ಲೆಸ್ನರ್, ಅಂಡರ್‌ಟೇಕರ್‌ನ ರೆಸಲ್‌ಮೇನಿಯಾ ಗೆಲುವಿನ ಸರಣಿ ಮುರಿದಾಗ ರಿಂಗ್ ಪಕ್ಕದಲ್ಲಿದ್ದ ಹೇಮನ್ ಮುಖ ನೋಡಿ. ಕಣ್ಣರಳಿಸಿ, ಬಾಯಿ ತೆರೆದು ನಿಂತಿದ್ದ. ಬರೀ ಮಾತಿನ ವಿಷಯಕ್ಕೆ ಬಂದರೆ ಇವನು ಹೀನನ್‌ಗೂ ಸಮ.

ಮೂರನೆಯವನು ಪಾಲ್ ಬೇರರ್, ಶವಸಂಸ್ಕಾರ ಮಾಡುವವನ ವೇಷದ ಅಂಡರ್‌ಟೇಕರ್‌ನ ಮ್ಯಾನೇಜರ್. ಬಿಳಿಚಿಕೊಂಡ ಮುಖ, ನಡುಗುವ ದನಿ, ಕೈಯಲ್ಲಿ ಚಿತಾಭಸ್ಮದ ಕಲಶ. ನಿಜ ಜೀವನದಲ್ಲೂ ಅವನು ಶವಸಂಸ್ಕಾರದ ಕೆಲಸ ಕಲಿತವನು. ಅವನಿಲ್ಲದ ಆರಂಭದ ಅಂಡರ್‌ಟೇಕರ್‌ನನ್ನು ಊಹಿಸುವುದೇ ಕಷ್ಟ.

ಮೆಗಾಫೋನ್ ಹಿಡಿದ ಜಿಮ್ಮಿ ಹಾರ್ಟ್, ಹೆಚ್ಚು ಮಾತಾಡದೆಯೇ ಎಲ್ಲರ ಮನ ಗೆದ್ದ ಮಿಸ್ ಎಲಿಜಬೆತ್ ಇವರ ನಂತರ ಬರುತ್ತಾರೆ.