ಪ್ರತಿಕ್ರಿಯೆ: ವಿಲ್ ಕಥೆ ಇರುವುದು ಮೂರನೇ ಪುಸ್ತಕದಲ್ಲಿ
ನೆಟ್‌ಫ್ಲಿಕ್ಸ್‌ನ ‘ಥ್ರೀ ಬಾಡಿ ಪ್ರಾಬ್ಲಮ್’ ನೋಡಿ ಅದರ ಮೂಲವಾದ ಮೊದಲ ಕಾದಂಬರಿ ಹಿಡಿದವರಿಗೆ ಸರಣಿಯ ವಿಲ್, ಸಾಲ್ ಪಾತ್ರಗಳು ಸಿಗದಿರಲು ಕಾರಣ ಇದು: 2024ರ ಆ ಸರಣಿ ಚೀನಾದ ಲೇಖಕ ಲಿಯು ಸಿಕ್ಸಿನ್ ಅವರ ಮೂರೂ ಪುಸ್ತಕಗಳ ಪಾತ್ರಗಳನ್ನು ಹೆಸರು ಬದಲಿಸಿ ಒಂದೇ ಗೆಳೆಯರ ಗುಂಪು ಮಾಡಿದೆ.

ಮೊದಲು ಕೈಯಲ್ಲಿರುವುದನ್ನು ಮುಗಿಸಿ. ಇಲ್ಲಿ ಯೆ ವೆಂಜಿಯೆ ಮತ್ತು ವಾಂಗ್ ಮಿಯಾವೊ ಜೊತೆಗೇ ಹೋಗಿ. ವಾಂಗ್ ಸುಮಾರಾಗಿ ಸರಣಿಯ ಆಗ್ಗಿ (Auggie) ಸಲಾಜಾರ್, ಪೂರ್ತಿ ಅಲ್ಲ. ಯೆ ಕಥೆಯಂತೂ ತೆರೆಗಿಂತ ಪುಸ್ತಕದಲ್ಲೇ ಜಾಸ್ತಿ ಕಾಡುತ್ತದೆ, ಅವಸರ ಬೇಡ. ಆಮೇಲೆ ಎರಡನೇ ಪುಸ್ತಕ ‘ದ ಡಾರ್ಕ್ ಫಾರೆಸ್ಟ್’. ಸಾಲ್ ಅಲ್ಲಿ ಲುವೊ ಜಿ. ಶುರು ನಿಧಾನ, ಬಿಡಬೇಡಿ. ವಿಲ್ ಬರುವುದು ಮೂರನೆಯದಾದ ‘ಡೆತ್ಸ್ ಎಂಡ್’ನಲ್ಲಿ, ಯುನ್ ಟಿಯಾನ್‌ಮಿಂಗ್ ಆಗಿ. ಸರಣಿಯ ಜಿನ್ ಪಾತ್ರಕ್ಕೆ ಹತ್ತಿರದ ಚೆಂಗ್ ಶಿನ್ ಕೂಡ ಅಲ್ಲೇ. ನೇರ ಅದಕ್ಕೆ ಹಾರಬೇಡಿ, ಎರಡನೆಯದರ ದೊಡ್ಡ ಗುಟ್ಟು ಸುಮ್ನೆ ಬಯಲಾಗುತ್ತದೆ.