ಒಂದು ವಾರಕ್ಕೆ ಒಂದೇ ಪತ್ರ ಸಾಕು

ಸಿ. ಎಸ್. ಲೂಯಿಸ್ ಅವರ ‘ದಿ ಸ್ಕ್ರೂಟೇಪ್ ಲೆಟರ್ಸ್’ ಓದಿಸುವಾಗ ‘ಶತ್ರು’ ಅಂದರೆ ಯಾರು ಅಂತಲೇ ಮಕ್ಕಳಿಗೆ ಗೊಂದಲ, ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ. ಮನುಷ್ಯನೊಬ್ಬನನ್ನು ದಾರಿ ತಪ್ಪಿಸುವುದು ಹೇಗೆ ಅಂತ ಕಿರಿಯ ದೆವ್ವಕ್ಕೆ ಸಲಹೆ ಕೊಡುವ ಪತ್ರಗಳಿವು, ಬರೆಯುವವನು ಹಿರಿಯ ದೆವ್ವ, ಅಲ್ವಾ? ಅವನಿಗೆ ದೇವರೇ ಶತ್ರು. ಇದನ್ನು ಬೋರ್ಡ್ ಮೇಲೆ ಬರೆದುಬಿಡಿ. ಆಮೇಲೆ ಅವನ ಒಂದೊಂದು ಸಲಹೆಯನ್ನೂ ಮಕ್ಕಳ ಕೈಯಲ್ಲೇ ಉಲ್ಟಾ ಮಾಡಿ ಬರೆಸಿ.

ನಾನಾದರೆ 17ನೇ ಪತ್ರದಿಂದ ಶುರು ಮಾಡುತ್ತೇನೆ. ಹೊಟ್ಟೆಬಾಕತನದ ಬಗ್ಗೆ ಇರುವ ಪತ್ರ ಅದು. ಆದರೆ ಅಲ್ಲಿ ಜಾಸ್ತಿ ತಿನ್ನುವವರೇ ಇಲ್ಲ! ಒಬ್ಬ ತಾಯಿ, ಮುಂದಿಟ್ಟ ಊಟ ಬೇಡ ಅಂತ ನಿಟ್ಟುಸಿರು ಬಿಟ್ಟು, ಒಂದು ಕಪ್ ಚಹಾ ಮತ್ತು ಗರಿಗರಿ ಟೋಸ್ಟಿನ ಚೂರು ಕೇಳುತ್ತಾಳೆ. ಚಹಾ ತೆಳುವಾಗಿರಬೇಕು, ತೀರಾ ತೆಳುವೂ ಆಗಬಾರದು. ಕೇಳಿದ್ದು ಸ್ವಲ್ಪವೇ ಆದ್ದರಿಂದ ತನ್ನದು ಹೊಟ್ಟೆಯ ಚಪಲ ಅಂತ ಅವಳಿಗೆ ಹೊಳೆಯುವುದೇ ಇಲ್ಲ. ಬಡಿಸುವವರ ಪಾಡು ಮಾತ್ರ ಯಾರಿಗೂ ಬೇಡ. ಇಲ್ಲಿ ಮಕ್ಕಳು ತಮ್ಮನ್ನೇ ಕಾಣುತ್ತಾರೆ.

ಒಟ್ಟು 31 ಪತ್ರಗಳಿವೆ, ಅವಸರ ಬೇಡ. 1941ರಲ್ಲಿ ಇವು ಮೊದಲು ಬಂದದ್ದೇ ವಾರಪತ್ರಿಕೆಯಲ್ಲಿ, ವಾರಕ್ಕೊಂದರಂತೆ. ಕೊನೆಯ ಪತ್ರವನ್ನು ಮಾತ್ರ ಜೋರಾಗಿ ಓದಿಸಿ, ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರಲು ಬಿಡಿ.